ಸೂಜಿಮೊನೆಯಷ್ಟು ತೂತು

ಆಂಡರ್ಸನ್‌ಪೇಟೆ
14 ನವೆಂಬರ್ 2024

ಅಕ್ಕನ ಮಗಳು ಅರುಣಕುಮಾರಿಗೆ ಮಾವ ಮುನಿಶಾಮಪ್ಪನ ಆಶೀರ್ವಾದ.

ದಾವಣಗೆರೆಯಿಂದ ನೀನು ಕಳಿಸಿದ ಡಬ್ಬಿ ಬಂತು. ಪೋಸ್ಟ್‌ಮ್ಯಾನ್ ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಏನ್ ಸಾಮಿ ಇದ್ರಾಗೆ, ಏಲಕ್ಕಿನಾ?" ಅಂದ. "ರಾಕೆಟ್ಟು" ಅಂದೆ. ನಕ್ಕುಬಿಟ್ಟ. ನಗಲಿ ಬಿಡು, ನಾಳೆ ಪೇಪರಿನಲ್ಲಿ ಬಂದಾಗ ಅವನೇ ತಂದುಕೊಡಬೇಕು.

ಅಂಗಡಿಯ ಫ್ಯಾನ್ ಆಫ್ ಮಾಡಿ, ಬಾಗಿಲು ಅರ್ಧ ಎಳೆದು, ಬಿಳಿ ತಟ್ಟೆಯಲ್ಲಿ ಬಿಡಿಭಾಗಗಳನ್ನೆಲ್ಲ ಸುರಿದು ಎಣಿಸಿದೆ. ಮೂವತ್ತೆಂಟು. ಅದರಲ್ಲಿ ಇಪ್ಪತ್ತೊಂಬತ್ತು ಎಳ್ಳುಕಾಳಿನಷ್ಟು. ಸೀನು ಬಂದರೆ ನಿನ್ನ ರಾಕೆಟ್ ಅಲ್ಲೇ ಹಾರಿಹೋಗುತ್ತಿತ್ತು. ಬಂದ ಸೀನನ್ನು ನುಂಗಿಕೊಂಡು ಕೂತಿದ್ದೆ ನೋಡು.

ಇಷ್ಟು ಸಣ್ಣದಕ್ಕೆ ಬೆಸುಗೆ ಹಾಕುವವರು ನಿಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ ಅಂತ ಬರೆದಿದ್ದೀಯ. ಎಲ್ಲಿಂದ ಇರುತ್ತಾರೆ? ನಾನು ಓದಿದ್ದು ಬೂದಿಕೋಟೆ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ, ಅದೂ ಎರಡು ಸಲ. ಆದರೆ ಚಿನ್ನದ ಗಣಿ ಮುಚ್ಚುವವರೆಗೂ ಅದರ ಲ್ಯಾಂಪ್ ರೂಮಿನಲ್ಲಿ ದೀಪ ರಿಪೇರಿ ಮಾಡುತ್ತಿದ್ದವನು ನಾನು. ನಾಲ್ಕು ಸಾವಿರ ಜನರ ತಲೆ ಮೇಲಿನ ದೀಪ ಈ ಕೈ ದಾಟಿ ಕೆಳಗೆ ಇಳಿದಿದೆ. ಒಂದಾದರೂ ಕೆಟ್ಟು ಮೇಲೆ ಬಂತಾ? ಕೇಳಿ ನೋಡು ಯಾರನ್ನಾದರೂ.

ಫೋನ್ ಮಾಡಬೇಡ, ಬರೆದು ಕಳಿಸು ಅಂತ ಹೇಳಿದ್ದು ನಾನೇ. ಲ್ಯಾಂಪ್ ರೂಮಿನಲ್ಲಿ ಕೆಟ್ಟ ದೀಪದ ಜತೆ ಚೀಟಿ ಇಲ್ಲದಿದ್ದರೆ ಮುಟ್ಟುತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಫೋನ್ ಅಂದರೆ ನಿನ್ನ ಪಾಪಕ್ಕ ಅತ್ತೆ ಬೇರೆ ಮಧ್ಯೆ ಬಾಯಿ ಹಾಕಿ ಊಟದ ವಿಷಯ ಶುರು ಮಾಡುತ್ತಾಳೆ.

ಈ ಭಾಗಗಳನ್ನೆಲ್ಲ ಬೆಸೆದು ಮಾಡುವ ಬೋರ್ಡು ರಾಕೆಟ್ಟಿನಲ್ಲಿ ಮೇಲೆ ಹೋಗಿ ಏನು ಮಾಡಬೇಕು? ನನಗೆ ತಿಳಿಯುವ ಹಾಗೆ ಬರೆ. ತಿಳಿಯದ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ನಿನ್ನ ಮಾವ


ದಾವಣಗೆರೆ
21 ನವೆಂಬರ್ 2024

ಪ್ರೀತಿಯ ಮಾವನಿಗೆ ನಮಸ್ಕಾರ.

ನಮ್ಮ ರಾಕೆಟ್ ನಿಮ್ಮ ಸೊಂಟದ ಎತ್ತರ ಇದೆ. ರಟ್ಟಿನ ಕೊಳವೆ, ಒಳಗಿನ ಅಗಲ ಇಪ್ಪತ್ನಾಲ್ಕು ಮಿಲಿಮೀಟರ್. ನಮ್ಮ ಬೋರ್ಡು, ಬ್ಯಾಟರಿ ಎಲ್ಲ ಅದರೊಳಗೆ ಕೂರಬೇಕು. ಅವೆಲ್ಲದರ ಒಟ್ಟು ತೂಕ ಹದಿನೈದು ಗ್ರಾಂ ಮೀರಬಾರದು.

ಅದಕ್ಕೆ ಇರುವ ಕೆಲಸ ಮೂರು. ಹಾರಿದ್ದು ಗೊತ್ತಾಗಬೇಕು. ಎಷ್ಟು ಎತ್ತರ ಹೋಯಿತು ಅಂತ ಬರೆದಿಟ್ಟುಕೊಳ್ಳಬೇಕು. ತುದಿ ತಲುಪಿ, ಇನ್ನೇನು ಕೆಳಗೆ ಬೀಳಬೇಕು ಅನ್ನುವಾಗ ಒಂದು ಪುಟ್ಟ ಮೋಟರಿಗೆ ಹೇಳಿ ಕೊಂಡಿ ಬಿಡಿಸಬೇಕು. ಆಗ ಪ್ಯಾರಾಚೂಟ್ ಆಚೆ ಬರುತ್ತೆ. ಆ ಕ್ಷಣ ತಪ್ಪಿದರೆ ರಾಕೆಟ್ ಮೂಗು ಕೆಳಗೆ ಮಾಡಿಕೊಂಡು ನೇರ ನೆಲಕ್ಕೆ ಬರುತ್ತೆ.

ಕಾಲೇಜುಗಳ ನಡುವಿನ ಸ್ಪರ್ಧೆ ಇದು. ಎರಡು ಹಾರಾಟಕ್ಕೆ ಅವಕಾಶ. ಡಿಸೆಂಬರ್ 14ಕ್ಕೆ ಮೊದಲನೆಯದು, ಫೆಬ್ರವರಿ 22ಕ್ಕೆ ಎರಡನೆಯದು. ರಾಕೆಟ್ ಮುರಿಯದೆ ವಾಪಸ್ ಬಂದರೆ ಮಾತ್ರ ಲೆಕ್ಕ.

ನಮ್ಮದು ಆರು ಜನರ ತಂಡ. ಎಲೆಕ್ಟ್ರಾನಿಕ್ಸ್ ಪೂರ್ತಿ ನನ್ನದು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವಳು ತಂಡದಲ್ಲಿ ನಾನೊಬ್ಬಳೇ. ಕ್ಯಾಪ್ಟನ್ ಶ್ಯಾಮಲ ಮೊನ್ನೆ ಎಲ್ಲರ ಮುಂದೆ ಕೇಳಿದಳು, "ಮೊಬೈಲ್ ರಿಪೇರಿ ಅಂಗಡೀಲಿ ಮಾಡಿಸ್ತೀಯಂತೆ, ಹೌದೇನೇ?" ಹೌದು ಅಂದೆ. "ಕೆಟ್ಟರೆ?" ಅಂದಳು. ಕೆಟ್ಟರೆ ನಾನು ಈ ಕೆಲಸ ಬಿಡುತ್ತೇನೆ ಅಂದುಬಿಟ್ಟೆ. ಹಾಗೆ ಅನ್ನಬಾರದಿತ್ತೇನೋ. ಅಂದಾಯಿತು.

ಹಾರಿಸುವ ಬಯಲಿನಲ್ಲಿ ವಿಪರೀತ ಧೂಳು. ಬೋರ್ಡಿಗೆ ಧೂಳು, ನೀರು ತಾಗದ ಹಾಗೆ ನೋಡಿಕೊಳ್ಳಿ ಮಾವ. ನಕ್ಷೆ ಜತೆಗಿದೆ.

ನಿಮ್ಮ ಅರುಣ


ಆಂಡರ್ಸನ್‌ಪೇಟೆ
5 ಡಿಸೆಂಬರ್ 2024

ಅರುಣಮ್ಮನಿಗೆ,

ಡಬ್ಬಿ ಬಿಚ್ಚುವ ಮುಂಚೆ ಕೈ ತೊಳೆದುಕೋ. ಒಳಗಿರುವುದು ಮುನಿಶಾಮಪ್ಪನ ಕೆಲಸ.

ಹನ್ನೊಂದು ದಿನ ಹಿಡಿಯಿತು. ನಿನ್ನ ನಕ್ಷೆಯಲ್ಲಿ ಬ್ಯಾಟರಿಗೆ ಕನೆಕ್ಟರ್ ಇತ್ತಲ್ಲ, ಅದನ್ನು ಕಿತ್ತು ಬಿಸಾಕಿದೆ. ತಂತಿಯನ್ನು ನೇರ ಬೋರ್ಡಿಗೇ ಬೆಸೆದಿದ್ದೇನೆ, ಒಂದು ಗ್ರಾಂ ಉಳಿಯಿತು. ಪೇಟೆಯ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿದೆ. ಅವನು ಬಳೆ ತೂಗುವ ಮುಖ ಮಾಡಿಕೊಂಡು ತೂಗಿ, "ಅದಿಮೂರೂವರೆ ಗ್ರಾಂ. ಏನಣ್ಣಾ, ಮೂಗುತಿನಾ, ಸೊಂಟದ ಡಾಬಾ?" ಅಂದ.

ಪಕ್ಕದ ವಾಚ್ ಅಂಗಡಿಯ ಸೆಲ್ವರಾಜ್ ಗೊತ್ತಲ್ಲ, ಲ್ಯಾಂಪ್ ರೂಮಿನಲ್ಲಿ ನನ್ನ ಜತೆ ಇದ್ದವನು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕಾಲು ಗಂಟೆ ನೋಡಿದ. ಬೆಸುಗೆಯಲ್ಲಿ ತಪ್ಪು ಹುಡುಕಲು ಪಾಪ ಎಷ್ಟು ಕಷ್ಟಪಟ್ಟ ಗೊತ್ತಾ! ಕೊನೆಗೆ, "ಪರ್ವಾಗಿಲ್ಲ ಕಣ್ಲಾ" ಅಂದು ಎದ್ದುಹೋದ. ಅವನ ಬಾಯಲ್ಲಿ ಅದು ಪದ್ಮಶ್ರೀ.

ಇನ್ನೊಂದು ವಿಷಯ. ನೀನು ಕಳಿಸಿದ ಭಾಗಗಳಲ್ಲಿ ಒಂದರಲ್ಲಿ ಕಂಪನಿಯವರೇ ತಪ್ಪು ಮಾಡಿದ್ದರು. ನಿನಗೂ ಕಂಡಿಲ್ಲ, ನಿಮ್ಮ ಮೇಷ್ಟ್ರಿಗೂ ಕಂಡಿಲ್ಲ. ನಾನು ಸರಿಮಾಡಿದ್ದೇನೆ. ಏನು ಅಂತ ಹೇಳುವುದಿಲ್ಲ. ಗೆದ್ದ ಮೇಲೆ ಬಾ, ಹೇಳುತ್ತೇನೆ.

ಆ ಶ್ಯಾಮಲಳಿಗೆ ತೋರಿಸು. ರಿಪೇರಿ ಅಂಗಡಿ ಅಂದರೇನು ಅಂತ ನೋಡಲಿ.

ನಿನ್ನ ಮಾವ


ದಾವಣಗೆರೆ
16 ಡಿಸೆಂಬರ್ 2024

ಮಾವ,

ರಾಕೆಟ್ ಹೋಯಿತು.

ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹಾರಿತು. ಚೆನ್ನಾಗಿಯೇ ಹಾರಿತು, ಎಲ್ಲರೂ ಕೂಗಿದರು. ತುದಿಯಲ್ಲಿ ತಿರುಗಿತು. ನಾನು ಎಣಿಸುತ್ತಿದ್ದೆ. ಕೊಂಡಿ ಬಿಡಲಿಲ್ಲ. ಜೋಳದ ಹೊಲದಲ್ಲಿ ಮೊಣಕೈಯಷ್ಟು ಆಳಕ್ಕೆ ಹುಗಿದುಕೊಂಡಿತ್ತು. ಕೊಳವೆ ಸೀಳಿಹೋಗಿದೆ.

ಬೋರ್ಡು ಬರೆದಿಟ್ಟುಕೊಂಡಿದ್ದನ್ನು ತೆಗೆದು ನೋಡಿದೆವು. ಮೊದಲಿನಿಂದ ಕೊನೆಯವರೆಗೂ ಎತ್ತರ ಸೊನ್ನೆ. ನೆಲ ಬಿಟ್ಟು ಎದ್ದೇ ಇಲ್ಲ ಅಂತ ಅದು ತಿಳಿದುಕೊಂಡಿತ್ತು. ಎದ್ದೇ ಇಲ್ಲದ್ದು ಬೀಳುವುದು ಹೇಗೆ? ಅದಕ್ಕೇ ಪ್ಯಾರಾಚೂಟ್ ಬಿಡಲಿಲ್ಲ.

ಎತ್ತರ ಅಳೆಯುವ ಭಾಗ ಗಾಳಿಯ ಒತ್ತಡ ನೋಡಿ ಲೆಕ್ಕ ಹಾಕುತ್ತೆ. ಮೇಲೆ ಹೋದ ಹಾಗೆ ಒತ್ತಡ ಕಡಿಮೆ. ಅದೆಲ್ಲ ಸರಿಯಾಗಿಯೇ ಇತ್ತು, ತಪ್ಪು ನನ್ನ ಪ್ರೋಗ್ರಾಮಿನದು ಅಂತ ಸರ್‌ಗೆ ಹೇಳಿದ್ದೇನೆ. ನಿಮ್ಮ ಕೆಲಸದಲ್ಲಿ ಏನೂ ದೋಷ ಇಲ್ಲ. ಬೇಸರ ಮಾಡಿಕೊಳ್ಳಬೇಡಿ.

ಅರುಣ


ಆಂಡರ್ಸನ್‌ಪೇಟೆ
23 ಡಿಸೆಂಬರ್ 2024

ಅರುಣಕುಮಾರಿಗೆ,

ಪತ್ರ ಓದಿದೆ. ಒಂದು ಸಲ ಬಿದ್ದರೆ ಏನಾಯಿತು, ಎದ್ದರೆ ಆಯಿತು. ಪ್ರೋಗ್ರಾಮ್ ಅಂದರೆ ಹಾಗೇ, ಕಣ್ಣಿಗೆ ಕಾಣದ ಕೆಲಸ. ನಾವು ಮಾಡುವುದು ಕಣ್ಣಿಗೆ ಕಾಣುವ ಕೆಲಸ. ಸರಿಮಾಡಿಕೋ.

ಆ ಮುರಿದ ಬೋರ್ಡನ್ನು ಯಾರಾದರೂ ಬಿಚ್ಚಿ ನೋಡಿದರಾ? ಬಿಚ್ಚದಿದ್ದರೆ ಬಿಚ್ಚಬೇಡಿ. ಹಾಗೇ ಹತ್ತಿಯಲ್ಲಿ ಸುತ್ತಿ ನನಗೆ ಕಳಿಸು. ಬಿಚ್ಚಿದ್ದರೂ ಕಳಿಸು. ನಿಮ್ಮ ಸರ್ ಕೈಗೆ ಕೊಡಬೇಡ, ಮೇಷ್ಟ್ರುಗಳಿಗೆ ಎಲ್ಲವನ್ನೂ ಕೆರೆದು ನೋಡುವ ಚಾಳಿ.

ಇಲ್ಲಿ ಚಳಿ ಜಾಸ್ತಿ. ನಿನ್ನ ಅತ್ತೆ ಅವರೆಕಾಳು ಕಳಿಸುತ್ತಾಳಂತೆ.

ಬೋರ್ಡು ಕಳಿಸು, ಮರೆಯಬೇಡ.

ಮಾವ


ದಾವಣಗೆರೆ
9 ಜನವರಿ 2025

ಮಾವನಿಗೆ,

ಅವರೆಕಾಳು ಬಂತು. ಅತ್ತೆಗೆ ಹೇಳಿ.

ಬೋರ್ಡು ಎಲ್ಲೋ ಕಳೆದುಹೋಗಿದೆ. ಹುಡುಕಿದೆ, ಸಿಗಲಿಲ್ಲ.

ನನ್ನನ್ನು ಎಲೆಕ್ಟ್ರಾನಿಕ್ಸ್‌ನಿಂದ ತೆಗೆದರು. ತೆಗೆದರು ಅನ್ನುವುದೂ ತಪ್ಪು, ಕೆಟ್ಟರೆ ಬಿಡುತ್ತೇನೆ ಅಂದವಳು ನಾನೇ ತಾನೆ. ಶ್ಯಾಮಲ ಸಿದ್ಧ ಬೋರ್ಡು ತರಿಸುತ್ತಿದ್ದಾಳೆ. ಅದು ಮೂವತ್ತೊಂದು ಗ್ರಾಂ, ನಮ್ಮ ಕೊಳವೆಯಲ್ಲಿ ಕೂರುವುದಿಲ್ಲ. ಅದಕ್ಕೇ ರಾಕೆಟ್ಟನ್ನೇ ದಪ್ಪ ಮಾಡುತ್ತಿದ್ದಾರೆ. ದಪ್ಪ ಆದರೆ ಅರ್ಧ ಎತ್ತರವೂ ಹೋಗುವುದಿಲ್ಲ. ಹೇಳಿದೆ. "ಅರ್ಧ ಹೋಗಿ ವಾಪಸ್ ಬಂದ್ರೆ ಸಾಕು" ಅಂದಳು. ಅವಳು ಹೇಳುವುದರಲ್ಲಿ ತಪ್ಪೇನಿದೆ?

ನನಗೆ ಈಗ ರೆಕ್ಕೆಗೆ ಬಣ್ಣ ಬಳಿಯುವ ಕೆಲಸ. ಮುಂದಿನ ವರ್ಷ ತಂಡದಲ್ಲಿ ಇರುವುದಿಲ್ಲ ಅನ್ನಿಸುತ್ತೆ.

ಇನ್ನು ಚೀಟಿ ಬರೆಯುವ ಕೆಲಸ ಇಲ್ಲ ಮಾವ. ಫೋನ್ ಮಾಡುತ್ತೇನೆ.

ಅರುಣ


ಬೂದಿಕೋಟೆ
28 ಜನವರಿ 2025

ಅರುಣಮ್ಮ,

ಇವತ್ತು ಅಂಗಡಿ ತೆಗೆದಿಲ್ಲ. ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇದು ಐದನೇ ಹಾಳೆ, ನಾಲ್ಕನ್ನು ಒಲೆಗೆ ಹಾಕಿದೆ. ಮೂರು ಸಲ ನೀನು ಫೋನ್ ಮಾಡಿದಾಗಲೂ ಅತ್ತೆಯ ಕೈಗೆ ಕೊಟ್ಟು ಎದ್ದುಹೋದೆ. ಹಸು ಕಟ್ಟಬೇಕು ಅಂದೆ. ಹಸು ಕಟ್ಟಿಯೇ ಇತ್ತು.

ನಿನ್ನ ರಾಕೆಟ್ ಬೀಳಿಸಿದ್ದು ನಾನು.

ಆ ಎತ್ತರ ಅಳೆಯುವ ಭಾಗ, ಅಕ್ಕಿನುಚ್ಚಿನಷ್ಟು ಬೆಳ್ಳಿ ಡಬ್ಬಿ. ಅದರ ತಲೆ ಮೇಲೆ ಸೂಜಿಮೊನೆಯಷ್ಟು ಒಂದು ತೂತು ಇತ್ತು. ಭೂತಗಾಜಿನಲ್ಲಿ ನೋಡಿದ ತಕ್ಷಣ, ಕಂಪನಿಯವರು ಮುಚ್ಚುವುದು ಮರೆತಿದ್ದಾರೆ ಅಂದುಕೊಂಡೆ. ಲ್ಯಾಂಪ್ ರೂಮಿನಲ್ಲಿ ನಮಗೆ ಮೊದಲ ದಿನ ಮೇಸ್ತ್ರಿ ಕಲಿಸಿದ್ದೇ ಅದು. "ತೂತು ಕಂಡ್ರೆ ಮುಚ್ರಲಾ, ಆಮ್ಯಾಕೆ ನನ್ನ ಕೇಳ್ರಿ" ಅನ್ನುತ್ತಿದ್ದ. ಕೆಳಗೆ ನೀರು ಸುರಿಯುವ ಜಾಗ, ಒಂದು ಹನಿ ಒಳಗೆ ಹೋದರೆ ಒಬ್ಬನ ತಲೆ ಮೇಲೆ ಕತ್ತಲೆ. ಧೂಳು ತಾಗಬಾರದು ಅಂತ ನೀನು ಬೇರೆ ಬರೆದಿದ್ದೆ. ಎರಡು ಟ್ಯೂಬಿನ ಅಂಟು ಕಲಸಿ, ಗುಂಡುಸೂಜಿ ತುದಿಯಲ್ಲಿ ಒಂದೇ ಚುಕ್ಕೆ ಇಟ್ಟೆ. ಅಷ್ಟು ಚೆನ್ನಾಗಿ ಕೂತಿತು ಅಂತ ನನಗೆ ನಾನೇ ಮೀಸೆ ತಿರುವಿಕೊಂಡೆ. ಕಂಪನಿಯ ತಪ್ಪು ಸರಿಮಾಡಿದ್ದೇನೆ ಅಂತ ಬರೆದೆನಲ್ಲ, ಅದೇ ಇದು.

ಗಾಳಿಯ ಒತ್ತಡ ನೋಡಿ ಅಳೆಯುತ್ತೆ ಅಂತ ನೀನು ಡಿಸೆಂಬರಿನಲ್ಲಿ ಬರೆದೆ. ಆ ಸಾಲು ಓದಿದಾಗಲೇ ಆ ಅಂಟಿನ ಚುಕ್ಕೆ ನೆನಪಾಯಿತು. ಆದರೂ ನಂಬಲಿಲ್ಲ. ಸೆಲ್ವರಾಜ್‌ಗೆ ಓದಿ ಹೇಳಿದೆ, ಮುಚ್ಚುವ ಮುಂಚೆ ಆ ತೂತನ್ನು ಅವನೂ ನೋಡಿದ್ದ. ಅವನು ಅರ್ಧದಲ್ಲೇ ತಲೆ ಎತ್ತಿದ.

"ಆ ತೂತು ಏನ್ಲಾ ಮಾಡ್ದೆ?"

"ಮುಚ್ಚಿದೆ."

"ಡೇ ಮುನಿ! ಮೂಕ್ಕೆ ಅಡೈಚ್ಚಾ ಎಪ್ಪಡಿಡಾ ಮೂಚ್ಚು ವಿಡುಂ?" ಅಂದ. ಮೂಗು ಮುಚ್ಚಿದರೆ ಉಸಿರು ಹೇಗೋ ಆಡುತ್ತೆ ಅಂತ. ಬಿದ್ದು ಬಿದ್ದು ನಕ್ಕ. ನನ್ನ ಮುಖ ನೋಡಿ ನಗುವುದು ನಿಲ್ಲಿಸಿದ. "ಮಗೀಗೆ ಯೋಳ್ದೇನ್ಲಾ?" ಅಂದ. ಹೇಳುತ್ತೇನೆ ಅಂದೆ. ಆವತ್ತು ಡಿಸೆಂಬರ್ ಇಪ್ಪತ್ತೆರಡು. ಮಾರನೇ ದಿನ ನಿನಗೆ ಬರೆದದ್ದು ಏನು ಅಂತ ನಿನ್ನ ಹತ್ತಿರವೇ ಇದೆ, ತೆಗೆದು ಓದು. ಪ್ರೋಗ್ರಾಮ್ ಸರಿಮಾಡಿಕೋ ಅಂತ ಬರೆದೆ. ಬೋರ್ಡು ಕಳಿಸು ಅಂತ ಬರೆದೆ, ಯಾರೂ ನೋಡುವ ಮುಂಚೆ ಅಂಟು ಕೆರೆದು ಹಾಕೋಣ ಅಂತ.

ನಿನಗೆ ಗೊತ್ತಿಲ್ಲ ಅನ್ನುವ ಧೈರ್ಯದಲ್ಲಿ ತಿಂಗಳು ಕಳೆದೆ. ನಿನ್ನನ್ನು ಬಣ್ಣ ಬಳಿಯಲು ಹಾಕಿದ್ದಾರೆ ಅಂತ ಓದಿದ ಮೇಲೂ ಎರಡು ವಾರ ತಡೆದುಕೊಂಡೆ. ಯಾಕೆ ಅಂತ ಕೇಳಿದರೆ ಉತ್ತರ ಚಿಕ್ಕದು. ಮುನಿಶಾಮಪ್ಪ ಕೈ ಹಾಕಿದರೆ ಕೆಡುವುದಿಲ್ಲ ಅಂತ ಬೂದಿಕೋಟೆಯಿಂದ ಬಂಗಾರಪೇಟೆ ಬಸ್ ಸ್ಟ್ಯಾಂಡಿನವರೆಗೆ ಹೇಳಿಕೊಂಡು ಬಂದವನು ನಾನು. ನಾಲ್ಕು ಸಾವಿರ ದೀಪ ಅಂತೀನಲ್ಲ, ನನ್ನ ಮೇಜಿಗೆ ಬರುತ್ತಿದ್ದದ್ದು ದಿನಕ್ಕೆ ಅರವತ್ತು. ಕೆಟ್ಟು ವಾಪಸ್ ಬಂದದ್ದೂ ಉಂಟು.

ಇದರ ಜತೆ ನಿಮ್ಮ ಸರ್‌ಗೆ ಬೇರೆ ಹಾಳೆ ಇಟ್ಟಿದ್ದೇನೆ. ಎಲ್ಲರ ಮುಂದೆ ಓದಿ ಹೇಳಲಿ, ಆ ಶ್ಯಾಮಲಳ ಮುಂದೆಯೂ.

"ಮಾನ್ಯರೇ, ಡಿಸೆಂಬರ್ 14ರಂದು ಬಿದ್ದ ರಾಕೆಟ್ಟಿನ ಬೋರ್ಡು ಮಾಡಿದವನು ನಾನು, ಆಂಡರ್ಸನ್‌ಪೇಟೆಯ ಮೊಬೈಲ್ ರಿಪೇರಿ ಮುನಿಶಾಮಪ್ಪ, ಓದು ಏಳನೇ ತರಗತಿ. ಒತ್ತಡ ಅಳೆಯುವ ಭಾಗದ ಗಾಳಿ ತೂತನ್ನು ಯಾರನ್ನೂ ಕೇಳದೆ ಅಂಟಿನಿಂದ ಮುಚ್ಚಿದ್ದೇನೆ. ಪ್ರೋಗ್ರಾಮ್ ಬರೆದ ಹುಡುಗಿಯದು ತಪ್ಪಿಲ್ಲ. ಇನ್ನೊಂದು ಬೋರ್ಡು ಮಾಡಿಕೊಡಲು ಸಿದ್ಧನಿದ್ದೇನೆ. ಬೇಡ ಅಂದರೆ ಅವಳ ಕೆಲಸ ಅವಳಿಗೆ ಕೊಡಿ, ಬೆಸುಗೆ ಬೇರೆಯವರ ಹತ್ತಿರ ಮಾಡಿಸಿ."

ಇನ್ನು ಮೇಲೆ ನನಗೆ ಕೆಲಸ ಕಳಿಸದಿದ್ದರೂ ಸರಿ. ನೀನು ಮಾತ್ರ ಕುಂಚ ಕೆಳಗಿಡು.

ಮುನಿಶಾಮಪ್ಪ


ದಾವಣಗೆರೆ
3 ಫೆಬ್ರವರಿ 2025

ಪ್ರೀತಿಯ ಮಾವ,

ನಿಮಗೆ ಕೋಪ ಬರಬಹುದು. ಬರಲಿ. ನನಗೆ ಗೊತ್ತಿತ್ತು.

ರಾಕೆಟ್ ಬಿದ್ದ ಸಂಜೆಯೇ ಗೊತ್ತಾಯಿತು. ಬೋರ್ಡು ಕಳೆದಿರಲಿಲ್ಲ, ನನ್ನ ಟ್ರಂಕಿನಲ್ಲಿ ಚೂಡಿದಾರಗಳ ಅಡಿಯಲ್ಲಿತ್ತು. ರೂಮಿನಲ್ಲಿ ಬ್ಯಾಟರಿ ಕೊಟ್ಟು ನೋಡಿದೆ. ಸಮುದ್ರಮಟ್ಟದಿಂದ ಎಂಟುನೂರೈವತ್ತು ಮೀಟರ್ ಅಂತ ತೋರಿಸಿತು. ದಾವಣಗೆರೆ ಇರುವುದು ಆರುನೂರರಲ್ಲಿ. ಎಂಟುನೂರೈವತ್ತರಲ್ಲಿ ಇರುವುದು ಯಾವ ಊರು ಹೇಳಿ? ನೀವು ಅಂಟು ಹಾಕಿದಾಗ ನಿಮ್ಮ ಅಂಗಡಿಯ ಗಾಳಿ ಆ ಡಬ್ಬಿಯಲ್ಲಿ ಸಿಕ್ಕಿಕೊಂಡಿತ್ತು ಮಾವ. ರಾಕೆಟ್ ಮೇಲೆ ಹೋದರೂ, ಹೊಲದಲ್ಲಿ ಹುಗಿದರೂ ಅದು ಆಂಡರ್ಸನ್‌ಪೇಟೆಯಲ್ಲೇ ಕೂತಿತ್ತು. ಹೊರಡುವಾಗ ಎಷ್ಟು ತೋರಿಸಿದರೂ ಅದನ್ನೇ ಸೊನ್ನೆ ಅಂತ ತಗೋ ಅಂತ ನಾನು ಪ್ರೋಗ್ರಾಮಿನಲ್ಲಿ ಬರೆದಿದ್ದೆ. ಅದಕ್ಕೇ ಬಯಲಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ನಿಮ್ಮ ಹೆಸರು ಉಳಿಸಲು ತಪ್ಪನ್ನು ನನ್ನ ಮೇಲೆ ಹಾಕಿಕೊಂಡೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಇಲ್ಲಿದೆ. ಹೊಸ ಬೋರ್ಡು ಬಂದರೆ ಮೊದಲು ಅದನ್ನು ಹಿಡಿದು ಹಾಸ್ಟೆಲಿನ ಮೂರು ಮಹಡಿ ಹತ್ತಬೇಕು. ಒಂಬತ್ತು ಮೀಟರ್ ಏರಿತು ಅಂತ ಅದು ಬರೆಯುತ್ತಾ ಅಂತ ನೋಡಬೇಕು. ಹತ್ತುವುದಕ್ಕೆ ಎರಡು ನಿಮಿಷ. ನಿಮ್ಮ ಬೋರ್ಡು ಬಂದಾಗ ಪರೀಕ್ಷೆ ಇತ್ತು. ದೀಪ ಮಿನುಗಿತು, ಮೋಟರ್ ತಿರುಗಿತು, ಸಾಕು ಅಂದುಕೊಂಡು ಹತ್ತಲಿಲ್ಲ. ಹತ್ತಿದ್ದರೆ ಆವತ್ತೇ ಸಿಕ್ಕಿಬೀಳುತ್ತಿತ್ತು. ಆ ತೂತು ಯಾತಕ್ಕೆ ಅಂತ ನಿಮಗೆ ಬರೆಯಲೂ ಇಲ್ಲ. ಧೂಳು ಹೋಗಬಾರದು ಅಂತ ಮಾತ್ರ ಬರೆದೆ.

ನಿಮ್ಮ ಹಾಳೆಯನ್ನು ಸರ್ ನನ್ನ ಕೈಯಲ್ಲೇ ಓದಿಸಿದರು. ಓದಿ ಮುಗಿಸಿ, ಮಹಡಿಯ ವಿಷಯವನ್ನೂ ನಾನೇ ಹೇಳಿದೆ. ಆಮೇಲೆ ಶ್ಯಾಮಲ, "ಮೊದ್ಲೇ ಹೇಳೋಕೆ ಏನಾಗಿತ್ತೇ ನಿಂಗೆ? ಒಂದು ತಿಂಗಳು ಆ ದಪ್ಪ ಕೊಳವೆ ಉಜ್ಜಿಸಿದ್ದೀಯಲ್ಲ ನನ್ನ ಕೈಲಿ" ಅಂದಳು. ಬೈದಳು ಅಂತ ಎಷ್ಟು ಹಗುರ ಆಯಿತು ಗೊತ್ತಾ!

ಸರ್ ಒಂದು ಅವಕಾಶ ಕೊಟ್ಟಿದ್ದಾರೆ. ಹದಿನೈದನೇ ತಾರೀಕಿನೊಳಗೆ ಬೋರ್ಡು ಇಲ್ಲಿರಬೇಕು. ಹತ್ತು ಪರೀಕ್ಷೆ ಆಗಿರಬೇಕು. ಕೆಟ್ಟದ್ದು, ಸರಿಹೋದದ್ದು ಎಲ್ಲ ಬರೆದಿರಬೇಕು. ಒಂದು ಪರೀಕ್ಷೆ ಬಿಟ್ಟರೂ ದಪ್ಪ ರಾಕೆಟ್ಟೇ ಹಾರುತ್ತೆ, ನಾನು ಬಣ್ಣದ ಡಬ್ಬಿಗೆ ವಾಪಸ್.

ಭಾಗಗಳನ್ನು ಕಳಿಸಿದ್ದೇನೆ. ಬೋರ್ಡಿಗೆ ಧೂಳು ತಾಗದಂತೆ ಮೆರುಗು ಬಳಿಯುವಾಗ ತೂತಿನ ಮೇಲೆ ಟೇಪಿನ ಚೂರು ಇಡಿ, ಆಮೇಲೆ ಕಿತ್ತುಬಿಡಿ. ಬೇರೆ ಯಾರ ಹತ್ತಿರವೂ ನಾನು ಮಾಡಿಸುವುದಿಲ್ಲ.

ಅರುಣ


ಬೂದಿಕೋಟೆ
11 ಫೆಬ್ರವರಿ 2025

ಅರುಣಮ್ಮನಿಗೆ,

ಗೊತ್ತಿದ್ದೂ ಸುಮ್ಮನಿದ್ದೆಯಲ್ಲ! ಈ ಕಳ್ಳತನ ನಮ್ಮ ಅಕ್ಕನ ಕಡೆಯಿಂದ ಬಂದದ್ದಲ್ಲ, ನನ್ನಿಂದಲೇ ಬಂದದ್ದು. ಕೋಪ ಮಾಡಿಕೊಳ್ಳಲು ಪುರುಸೊತ್ತಿಲ್ಲ, ಆಮೇಲೆ ನೋಡೋಣ.

ಬೋರ್ಡು ನಾಲ್ಕು ದಿನಕ್ಕೆ ಮುಗಿಯಿತು. ಕೈಗೆ ದಾರಿ ಗೊತ್ತಿತ್ತು. ಪರೀಕ್ಷೆಯೇ ಕಷ್ಟ. ಬೂದಿಕೋಟೆಯಲ್ಲಿ ಮೂರು ಮಹಡಿ ಎಲ್ಲಿಂದ ತರಲಿ? ನಮ್ಮ ಹೊಲದ ಬತ್ತಿದ ಬಾವಿ ಇದೆಯಲ್ಲ, ಮೇಲೆ ಹೋಗಲು ಆಗದಿದ್ದರೆ ಕೆಳಗೆ ಹೋಗೋಣ ಅಂತ ಬೋರ್ಡನ್ನು ಬಕೆಟ್ಟಿಗೆ ಕಟ್ಟಿ ರಾಟೆಯಲ್ಲಿ ಇಳಿಬಿಟ್ಟೆ. ಹತ್ತು ಮಾರು ಹಗ್ಗ, ನಾನೇ ತೋಳು ಚಾಚಿ ಅಳೆದದ್ದು. ನನ್ನ ಮಾರು ಅಂದರೆ ಆರಡಿ ಅಂತ ನಿನಗೆ ಗೊತ್ತೇ ಇದೆ. ಮೂರು ಸಲ ಇಳಿಸಿ ಎತ್ತಿದೆ, ಬರೆದುಕೊಂಡೆ ಅಂತ ಪ್ರತಿ ಸಲವೂ ಅದರ ದೀಪ ಮಿನುಗಿತು.

ಉಳಿದ ಏಳಕ್ಕೆ ಒಂದು ಉಪಾಯ ಮಾಡಿದೆ. ಉಪ್ಪಿನಕಾಯಿಯ ಗಾಜಿನ ಜಾಡಿ ತೊಳೆದು, ಮುಚ್ಚಳಕ್ಕೆ ತೂತು ಕೊರೆದು, ಹಸುವಿಗೆ ಔಷಧಿ ಹಾಕುವ ದೊಡ್ಡ ಸಿರಿಂಜನ್ನು ಪೈಪಿನಲ್ಲಿ ಸೇರಿಸಿದೆ. ಬೋರ್ಡು ಒಳಗೆ. ಸಿರಿಂಜ್ ಎಳೆದರೆ ಜಾಡಿಯ ಗಾಳಿ ತೆಳುವಾಗುತ್ತೆ, ಬೋರ್ಡು ಮೇಲೆ ಹೋಗುತ್ತಿದ್ದೇನೆ ಅಂದುಕೊಳ್ಳುತ್ತೆ. ಮೆಲ್ಲಗೆ ಬಿಟ್ಟರೆ ಬೀಳುತ್ತಿದ್ದೇನೆ ಅಂದುಕೊಂಡು ಮೋಟರಿಗೆ ಹೇಳುತ್ತೆ. "ಟಕ್" ಅಂತ ಕೊಂಡಿ ಬಿಡುತ್ತೆ. ಮೊದಲ ಸಲ ಟಕ್ ಅಂದಾಗ ನಾನೂ ಒಂದಡಿ ಎಗರಿದೆ.

ನಿನ್ನ ಅತ್ತೆ ಬಂದು ನಿಂತಳು.

"ಏನಯ್ಯಾ, ಮಾವಿನಕಾಯಿ ಜಾಡಿಗೆ ಸೂಜಿ ಆಕ್ತಿದ್ದೀಯಾ? ಅದ್ಕೂ ಜ್ವರನಾ?"

"ಸಾಕ್ಷಿ ಬೇಕು, ಕೂತ್ಕೊ. ಟಕ್ ಅಂದ್ರೆ ಬರಿ, ಅನ್ನದಿದ್ರೂ ಬರಿ."

"ಅನ್ನದಿದ್ರೆ ಬರ್ಕೊಬ್ಯಾಡ ಅಂತೀಯ ಆಮ್ಯಾಕೆ. ನಂಗೊತ್ತಿಲ್ವಾ ನಿನ್ನ!"

ಮೂರನೇ ಸಲ ಟಕ್ ಅನ್ನಲೇ ಇಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಪೆನ್ನು ಅವಳ ಕೈಯಲ್ಲಿತ್ತು. "ಬರಿ" ಅಂದೆ. "ಏನಂತ?" "ಕೆಟ್ಟಿತು ಅಂತ." ಬರೆದಳು, ದೊಡ್ಡ ಅಕ್ಷರದಲ್ಲಿ. ಮೋಟರಿನ ತಂತಿಯ ಬುಡದಲ್ಲಿ ಬೆಸುಗೆ ಹಿಡಿದಿರಲಿಲ್ಲ. ನೋಡಲು ಹೊಳೆಯುತ್ತಿತ್ತು, ಒಳಗೆ ಬಿಟ್ಟುಕೊಂಡಿತ್ತು. ಕಿತ್ತು ಮತ್ತೆ ಹಾಕಿದೆ. ಕೆಟ್ಟ ಬೋರ್ಡಿನ ಲೆಕ್ಕ ಮುಂದುವರಿಸಬಾರದು ಅಂತ ಜಾಡಿಯದು, ಬಾವಿಯದು ಎರಡನ್ನೂ ಒಂದರಿಂದ ಶುರು ಮಾಡಿದೆ. ಈಗ ಹತ್ತಕ್ಕೆ ಹತ್ತು. ಕೆಟ್ಟದ್ದರ ಹಾಳೆಯೂ ಜತೆಗಿದೆ, ನಿಮ್ಮ ಸರ್‌ಗೆ ಮೊದಲು ಅದನ್ನೇ ಕೊಡು.

ತೂತು ತೆರೆದೇ ಇದೆ. ಮೂರು ಜನ ನೋಡಿದ್ದೇವೆ, ಸೆಲ್ವರಾಜ್ ಎರಡು ಸಲ.

ಮಾವ


ದಾವಣಗೆರೆ
16 ಫೆಬ್ರವರಿ 2025

ಮಾವ,

ಬೋರ್ಡು ಹದಿನಾಲ್ಕಕ್ಕೇ ಬಂತು. ಡಬ್ಬಿ ತೆಗೆದರೆ ಲ್ಯಾಬ್ ಪೂರ್ತಿ ಮಾವಿನಕಾಯಿ ಉಪ್ಪಿನಕಾಯಿ ವಾಸನೆ. ಎಲ್ಲರಿಗೂ ಹಸಿವಾಯಿತು.

ಮೊದಲು ಮಹಡಿ ಹತ್ತಿದೆ. ಒಂಬತ್ತು ಮೀಟರ್ ಇಪ್ಪತ್ತು. ಇಳಿದೆ, ಸೊನ್ನೆ. ಮತ್ತೆ ಹತ್ತಿದೆ. ಐದು ಸಲ ಹತ್ತಿ ಇಳಿದೆ, ವಾರ್ಡನ್ ಬೈದರು.

ನಿಮ್ಮ ಕೆಟ್ಟದ್ದರ ಹಾಳೆಯನ್ನು ಸರ್ ಎರಡು ಸಲ ಓದಿದರು. ನಮ್ಮ ಬೋರ್ಡೇ ಹಾರುತ್ತೆ. ತೆಳ್ಳಗಿನ ರಾಕೆಟ್ ಮತ್ತೆ ಸಿದ್ಧವಾಗುತ್ತಿದೆ. ಎಲೆಕ್ಟ್ರಾನಿಕ್ಸ್ ನನ್ನದು. ಇನ್ನೊಮ್ಮೆ ಬಿದ್ದರೆ ಯಾರ ಮೇಲೂ ಹಾಕುವಂತಿಲ್ಲ. ಹೆದರಿಕೆ ಇದೆ, ಆದರೂ ಬಣ್ಣದ ಕೆಲಸಕ್ಕಿಂತ ಇದು ವಾಸಿ.

ಒಂದು ಗುಟ್ಟು. ನಿಮ್ಮ ಬಾವಿ ಎಷ್ಟು ಆಳ ಅಂತ ಬೋರ್ಡು ಬರೆದುಕೊಂಡಿದೆ. ಹತ್ತು ಮಾರಿಗೆ ಹದಿನೇಳು ಮೀಟರ್ ಹತ್ತು. ಇಳಿಸಿದಷ್ಟು ಸಲವೂ ಅಷ್ಟೇ. ಅಂದರೆ ನಿಮ್ಮ ಒಂದು ಮಾರು ಐದಡಿ ಏಳಂಗುಲ. ಮನುಷ್ಯನ ಮಾರು ಎಷ್ಟೋ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಅಂತಾರೆ. ಆರಡಿ ಆಳು ಅಂತ ಹೇಳಿಕೊಂಡು ತಿರುಗುತ್ತಿದ್ದೀರಲ್ಲ ಮಾವ! ಅತ್ತೆಗೆ ಹೇಳುವುದಿಲ್ಲ, ನೀವು ಇಲ್ಲಿಗೆ ಬಂದರೆ ಮಾತ್ರ.

ಬೋರ್ಡು ಮಾಡಿದವರು ಹಾಳೆಗೆ ಸಹಿ ಹಾಕಬೇಕು, ಬಯಲಿಗೆ ಬಂದರೆ ಒಳ್ಳೆಯದು ಅಂದರು ಸರ್. ಇಪ್ಪತ್ತೆರಡು, ಶನಿವಾರ, ಬೆಳಿಗ್ಗೆ.

ಅರುಣ


ಆಂಡರ್ಸನ್‌ಪೇಟೆ
25 ಫೆಬ್ರವರಿ 2025

ಅರುಣಮ್ಮನಿಗೆ,

ಬಯಲಿನಲ್ಲಿ ಅಷ್ಟು ಜನ, ನಿನ್ನ ಜತೆ ಸರಿಯಾಗಿ ಮಾತಾಡಲು ಆಗಲಿಲ್ಲ. ಆ ಶ್ಯಾಮಲ ಬಂದು "ಅಂಕಲ್, ನಮ್ಮ ಕ್ಯಾಮೆರಾ ಬೋರ್ಡೂ ಮಾಡ್ಕೊಡ್ತೀರಾ?" ಅಂತ ಕೇಳಿದಳು, ನೋಡೋಣ ಅಂದೆ. ತಕ್ಷಣ ಒಪ್ಪಿಕೊಂಡರೆ ಬೆಲೆ ಇರುವುದಿಲ್ಲ.

ಬಂಗಾರಪೇಟೆಯಲ್ಲಿ ರೈಲು ಇಳಿದದ್ದೇ ತಡ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಇನ್ನೂರ ಆರು ಮೀಟರ್ ಹೋಯಿತು, ತುದಿಯಲ್ಲಿ ಕತ್ತು ಬಾಗಿಸಿತು, ಹೂವಿನ ಹಾಗೆ ಪ್ಯಾರಾಚೂಟ್ ಬಿಚ್ಚಿತು, ನನ್ನ ಕಾಲ ಬುಡದಲ್ಲೇ ಬಂದು ಇಳಿಯಿತು ಅಂತ. ಕಾಲ ಬುಡದಲ್ಲಿ ಅನ್ನುವುದು ಸ್ವಲ್ಪ ಹೆಚ್ಚಾಯಿತು, ಹುಡುಗರು ಹೋಗಿ ತಂದರು. ಬೂದಿಕೋಟೆ ತಲುಪುವ ಹೊತ್ತಿಗೆ ಎತ್ತರ ಮುನ್ನೂರಾಗಿತ್ತು.

ಸೆಲ್ವರಾಜ್ ಎಲ್ಲ ಕೇಳಿ, "ಪ್ಯಾರಾಚೂಟ್ ಯಾವ ಬಣ್ಣ ಇತ್ಲಾ?" ಅಂದ. ಕೆಂಪು ಅಂದೆ. ಅಂಗಡಿಗೆ ಬಂದು ನೀನು ಫೋನಿಗೆ ಕಳಿಸಿದ ಚಿತ್ರ ತೆಗೆದು ನೋಡಿದೆ. ಹಳದಿ.

ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ನಾನು ನೋಡಲಿಲ್ಲ. ಹತ್ತರಿಂದ ಕೆಳಗೆ ಎಣಿಸಿದರಲ್ಲ, ಅಷ್ಟೂ ಹೊತ್ತು ಕಣ್ಣು ತೆರೆದೇ ಇದ್ದೆ. ಬುಸ್ ಅಂತ ಎದ್ದದ್ದನ್ನೂ ನೋಡಿದೆ. ಅದು ಮೇಲೆ ಮೇಲೆ ಹೋಗಿ ಸಣ್ಣ ಕಡ್ಡಿಯಾಯಿತು. ಆಮೇಲೆ ನಿನ್ನ ಕಡೆ ತಿರುಗಿದೆ. ನೀನು ಎರಡೂ ಕೈ ಎದೆಗೆ ಒತ್ತಿಕೊಂಡು, ಕಣ್ಣು ಮಿಟುಕಿಸದೆ ಆಕಾಶ ನೋಡುತ್ತಿದ್ದೆ. ಅಷ್ಟೇ, ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಬಿಟ್ಟೆ. ಇಪ್ಪತ್ತೇಳನೇ ವಯಸ್ಸಿಗೆ ಗಣಿಯ ಕೆಲಸ ಹೋದಾಗಲೂ ಅಷ್ಟು ಹೆದರಿರಲಿಲ್ಲ. ಒಳಗೊಳಗೇ ಎಣಿಸಿದೆ. ಒಂದು. ಎರಡು. ಮೂರು. ನಾಲ್ಕು ಅನ್ನುವಾಗ ನೀನು "ಬಿಡ್ತು!" ಅಂತ ಕಿರುಚಿದೆ. ನಾನು ಕಣ್ಣು ತೆಗೆಯುವ ಹೊತ್ತಿಗೆ ನೀನು ಓಡಿಹೋಗಿ ಆಗಿತ್ತು, ಕಣ್ಣಲ್ಲಿ ನೀರು ಬೇರೆ, ಬಣ್ಣ ಎಲ್ಲಿ ಕಾಣಬೇಕು?

ಅದಕ್ಕೇ ಕೇಳುತ್ತಿದ್ದೇನೆ, ನಿಜ ಬರೆ. ಬಿಚ್ಚಿಕೊಳ್ಳುವಾಗ ಅದು ನೋಡಲು ಹೇಗಿತ್ತು?

ನಿನ್ನ ಮಾವ,
ಮುನಿಶಾಮಪ್ಪ (ಐದಡಿ ಏಳಂಗುಲ)